ಕೈಯಲ್ಲಿ ಹೇಳಿದ ಹೆಸರು

ಎತ್ತಿನ ಕೊಂಬು ಮೇಲಕ್ಕೆ ನಿಂತಿರುತ್ತದೆ, ಎಮ್ಮೆಯ ಕೊಂಬು ಹಿಂದಕ್ಕೆ ಬಾಗಿರುತ್ತದೆ. ಇಷ್ಟಕ್ಕೇ ನನ್ನ ತರಗತಿಯಲ್ಲಿ ಒಂದು ಬೆಳಿಗ್ಗೆ ಹೊಡೆದಾಟ ಆಗಿಹೋಯಿತು. ‘ಎ’ ಅಕ್ಷರವನ್ನು ಕೈಯಲ್ಲಿ ಹೇಗೆ ತೋರಿಸಬೇಕು ಎಂಬುದು ಜಗಳ. ಮನೆಯಲ್ಲಿ ಎತ್ತು ಇದ್ದವರ ಮಕ್ಕಳು ಒಂದು ಗುಂಪು, ಎಮ್ಮೆ ಇದ್ದವರ ಮಕ್ಕಳು ಇನ್ನೊಂದು ಗುಂಪು. ಒಬ್ಬನ ಅಂಗಿಯ ಗುಂಡಿ ಹರಿಯಿತು, ಒಬ್ಬಳ ಪಾಟಿ ಒಡೆಯಿತು. ನಡುವೆ ನಾನು, ಹೊರಗೆ ಮುಖ ಗಂಟು ಹಾಕಿಕೊಂಡು, ಒಳಗೊಳಗೇ ಕುಣಿಯುತ್ತ ನಿಂತಿದ್ದೆ. ಒಂದು ಅಕ್ಷರಕ್ಕಾಗಿ ಮಕ್ಕಳು ಕೈ ಕೈ ಮಿಲಾಯಿಸುವುದನ್ನು ಯಾವ ಟೀಚರು ಕಂಡಿದ್ದಾಳೆ ಹೇಳಿ!

ಕೊನೆಗೆ ಎತ್ತು ಗೆದ್ದಿತು. ಎರಡು ಬೆರಳು ನೆಟ್ಟಗೆ ನಿಲ್ಲಿಸುವುದು ಸುಲಭ, ಹಿಂದಕ್ಕೆ ಬಾಗಿಸುವುದು ಕಷ್ಟ ಎಂದು ತೀರ್ಪು ಕೊಟ್ಟೆ. ಎಮ್ಮೆಯವರು ಮುಖ ಊದಿಸಿಕೊಂಡರು. ಅವರ ಸಮಾಧಾನಕ್ಕೆ ‘ಹ’ ಅಕ್ಷರವನ್ನು ಬಿಟ್ಟುಕೊಟ್ಟೆ. ‘ಹ’ ಎಂದರೆ ಹಾಲು, ಹಾಲು ಕರೆಯುವ ಕೈ. ಅದನ್ನು ಎಮ್ಮೆ ಮನೆಯವರಷ್ಟು ಚೆಂದ ಯಾರಿಗೂ ಮಾಡಲು ಬರಲಿಲ್ಲ.

ಇದೆಲ್ಲ ನಡೆದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಕೊಪ್ಪಳ ಆಗ ಬರೀ ತಾಲೂಕು, ಜಿಲ್ಲೆ ಎಂದರೆ ರಾಯಚೂರು. ನಾನು ಗಂಗಾವತಿಯವಳು. ಕಾಲುವೆ, ಭತ್ತದ ಗದ್ದೆ, ಅರ್ಧ ತೆಲುಗು ಅರ್ಧ ಕನ್ನಡ ಕೇಳುತ್ತ ಬೆಳೆದವಳು. ನೌಕರಿ ಸಿಕ್ಕಿದ್ದು ಅಳವಂಡಿಯ ಆಚೆಗಿನ ಒಂದು ಎರೆಭೂಮಿಯ ಊರಿನಲ್ಲಿ. ಎರಡು ಕೋಣೆಯ ಶಾಲೆ. ಒಂದರಲ್ಲಿ ಹೆಡ್‌ಮಾಸ್ತರರು ಮೂರು, ನಾಲ್ಕನೆಯ ತರಗತಿ ನಡೆಸುತ್ತಿದ್ದರು, ಇನ್ನೊಂದರಲ್ಲಿ ನಾನು ಒಂದು, ಎರಡು. ನನಗೆ ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಬಾಯಿ ಬೊಂಬಾಯಿ, ಸಿಟ್ಟು ಮೂಗಿನ ತುದಿಯಲ್ಲಿ. ಮಾತೇ ಬಂಡವಾಳವಾಗಿದ್ದ ಇಂಥವಳ ಮುಂದೆ ದೇವರು ಮಾತು ಕೇಳದ ಹುಡುಗಿಯನ್ನು ತಂದು ಕೂರಿಸಿದ.

ಕರೆದುಕೊಂಡು ಬಂದವಳು ಅವಳ ತಾಯಿ. ಕಳೆ ತೆಗೆಯುವ ಕೂಲಿಗೆ ಹೊರಟಿದ್ದಳು, ಸೊಂಟಕ್ಕೆ ಕಳೆ ಕೀಳುವ ಕುರ್ಚಿಗಿ ಸಿಕ್ಕಿಸಿಕೊಂಡಿದ್ದಳು. ಕೈಯಲ್ಲಿ ಏಳೆಂಟು ವರ್ಷದ ಮಗಳು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ.

“ಅಕ್ಕೋರ, ಈಕಿನ್ನ ಇಲ್ಲೇ ಒಂದ ಮೂಲ್ಯಾಗ ಕುಂಡ್ರಿಸ್ಕೋರಿ. ಗದ್ದಲ ಮಾಡಂಗಿಲ್ರಿ. ಹುಟ್ಟಾ ಕಿವಿ ಕೇಳಂಗಿಲ್ಲ, ಮಾತ ಬಂದಿಲ್ಲ. ಮಧ್ಯಾಹ್ನ ಉಪ್ಪಿಟ್ಟ ಕೊಡ್ತೀರಂತಲ್ರಿ, ಅದನ್ನ ತಿಂದು ಬರ್ತಾಳ.”

ಉಪ್ಪಿಟ್ಟಿನ ಆಸೆಗೇ ಬಂದಿರಲಿ, ಬಂದಳಲ್ಲ. ನಾನು ತಕ್ಷಣ ಹೆಸರು ಕೇಳಿ ಹಾಜರಿಗೆ ಸೇರಿಸಿಬಿಟ್ಟೆ. ಹೆಡ್‌ಮಾಸ್ತರರಿಗೆ ಇದು ಹಿಡಿಸಲಿಲ್ಲ. ಕೆಟ್ಟವರಲ್ಲ, ಆದರೆ ಎಲ್ಲಕ್ಕೂ ಮೊದಲು ‘ಆಗುವುದಿಲ್ಲ’ ಎಂದು ನಂತರ ಯೋಚಿಸುವವರು. “ಅಲ್ರೀ, ಕಿವಿ ಇದ್ದ ಹುಡುಗ್ರಿಗೇ ಅ ಆ ತಲಿಗೆ ಹತ್ತವಲ್ದು. ಈಕಿಗೆ ಏನ ಕಲಸ್ತೀರಿ? ಇನ್ಸ್‌ಪೆಕ್ಷನ್ ತನಕಾ ಇರ್ಲಿ. ಸಾಹೇಬ್ರ ಮುಂದ ಏನಾದ್ರೂ ಹೇಳಿದ್ರ ಛಲೋ ಆತು. ಇಲ್ಲಾಂದ್ರ ಹೆಸರ ತಗೀತೀನಿ,” ಎಂದರು.

ಮರುದಿನ ಹುಡುಗಿಯ ಅಪ್ಪ ಬಂದ. ಎತ್ತರದ ಆಳು, ಮೆತ್ತಗಿನ ಮಾತು, ಹೆಗಲ ಮೇಲೆ ಕಂಬಳಿ. ಆಡು ಮೇಯಿಸುವುದು ಆತನ ಕಸುಬು. ಮಗಳು ಹಿಂದೆ ನಿಂತರೆ ಮಂದೆ ಚದುರುವುದಿಲ್ಲ ಎಂದು ಅವಳನ್ನು ಜೊತೆಗೆ ಕರೆದೊಯ್ಯುತ್ತಿದ್ದನಂತೆ. “ಅಕ್ಕೋರ, ಆಡ ಕಾಯಾಕ ಕಣ್ಣಿದ್ರ ಸಾಕ್ರಿ, ಕಿವಿ ಬೇಕಾಗಿಲ್ಲ. ಸಾಲ್ಯಾಗ ಕಿವಿ ಇಲ್ದ ಏನ ಮಾಡ್ತಾಳ? ಹುಡುಗ್ರು ಚಾಷ್ಟಿ ಮಾಡ್ತಾರ, ಅಳ್ತಾಳ,” ಎಂದ. ಹೆಡ್‌ಮಾಸ್ತರರ ಷರತ್ತನ್ನು ಹೇಳಿದೆ. ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. “ಆತ್ರಿ. ಸಾಹೇಬ್ರು ಈಕಿಗೆ ವಿದ್ಯಾ ಹತ್ತತೈತಿ ಅಂದ್ರ ನಾ ಏನೂ ಅನ್ನಂಗಿಲ್ಲ. ಇಲ್ಲಾಂದ್ರ ನನ್ನ ಜೋಡಿ ಕಳಸ್ರಿ.”

ಹೀಗೆ ಒಂದು ವರ್ಷ ನನ್ನ ಕೈಗೆ ಬಂತು. ಅದರ ಕೊನೆಯಲ್ಲಿ ಹುಡುಗಿ ಒಂದೋ ನನ್ನ ತರಗತಿಯಲ್ಲಿ, ಇಲ್ಲವೋ ಆಡಿನ ಹಿಂದೆ.

ನನಗೆ ಒಂದು ಜಂಬವಿತ್ತು. ಹಿಂದಿನ ಬೇಸಿಗೆಯಲ್ಲಿ ಕೊಪ್ಪಳದಲ್ಲಿ ನಮಗೆ ತರಬೇತಿ ಆಗಿತ್ತು. ಅಲ್ಲಿ ಒಂದು ಮಧ್ಯಾಹ್ನ, ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ಒಬ್ಬರು ಬಂದು ಎರಡೂ ಕೈಗಳಲ್ಲಿ ಇಂಗ್ಲಿಷ್ ಅಕ್ಷರಮಾಲೆ ತೋರಿಸಿದ್ದರು. ಉಳಿದವರು ತೂಕಡಿಸುತ್ತಿದ್ದಾಗ ನಾನು ಕಣ್ಣು ಬಿಟ್ಟು ಕುಳಿತು ಎಲ್ಲವನ್ನೂ ಕಲಿತಿದ್ದೆ. ಆ ಇಪ್ಪತ್ತಾರು ಅಕ್ಷರಗಳನ್ನು ಈ ಹುಡುಗಿಗೆ ಹಚ್ಚಿದೆ. ಅಬ್ಬಾ, ಏನು ಹುಡುಗಿ! ಒಂದು ವಾರದೊಳಗೆ ಎ ಯಿಂದ ಝಡ್‌ವರೆಗೆ ಒಂದೇ ಉಸಿರಿನಲ್ಲಿ ಕೈ ತಿರುಗಿಸತೊಡಗಿದಳು. ನನ್ನ ಕಾಲು ನೆಲಕ್ಕೆ ನಿಲ್ಲಲಿಲ್ಲ. ಹೆಡ್‌ಮಾಸ್ತರರನ್ನು ಕರೆದು ತೋರಿಸಿದೆ.

ಅವರು ಪೂರ್ತಿ ನೋಡಿದರು. “ಭಾಳ ಛಲೋ. ಇನ್ನ ಈ ಊರಾಗ ಈಕಿ ಎ ಬಿ ಸಿ ಡಿ ಯಾರ ಜೋಡಿ ಮಾತಾಡ್ತಾಳ್ರಿ? ಕಲೆಕ್ಟರ್ ಸಾಹೇಬ್ರ ಜೋಡಿ?”

ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೆಯ ದಿನ, ಅವರು ಹೇಳಿದ್ದು ಖರೆ ಎಂದು ಒಪ್ಪಿಕೊಳ್ಳಲೇಬೇಕಾಯಿತು. ಹುಡುಗಿಗೆ ಅದು ಕೋಲಾಟದಂಥ ಒಂದು ಆಟವಾಗಿತ್ತು. ಮುಗಿಸಿದ ಕೂಡಲೇ ನಾನು ಕೊಡುತ್ತಿದ್ದ ಬೆಲ್ಲದ ಚೂರಿಗೆ ಕೈ ಚಾಚುತ್ತಿದ್ದಳು. ಆ ಕೈಗೂ ಅವಳ ಅವ್ವನಿಗೂ, ಆಡಿಗೂ, ರೊಟ್ಟಿಗೂ ಏನೂ ಸಂಬಂಧವಿರಲಿಲ್ಲ.

ಹಾಗಾದರೆ ಕನ್ನಡ ಅಕ್ಷರಕ್ಕೆ ಕೈ ಎಲ್ಲಿದೆ? ನನಗೆ ಗೊತ್ತಿರಲಿಲ್ಲ, ಹೇಳಿಕೊಡುವವರೂ ಇರಲಿಲ್ಲ. ಇಲ್ಲದಿದ್ದರೆ ಮಾಡಿದರಾಯಿತು ಎಂದು ತರಗತಿಯ ಮುಂದೆ ನಿಂತು ಮಕ್ಕಳನ್ನೇ ಕೇಳಿದೆ. “ನಮ್ಮ ಅಕ್ಷರಕ್ಕ ನಾವ ಕೈ ಮಾಡೋಣು. ‘ಅ’ಕ್ಕ ಏನ ಮಾಡೋಣು?” ಇಡೀ ತರಗತಿ ಎದ್ದು ನಿಂತಿತು. ಆ ಗದ್ದಲವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

‘ಅ’ ಎಂದರೆ ಅವ್ವ, ಅಂಗೈ ಎದೆಯ ಮೇಲೆ. ‘ಡ’ ಎಂದರೆ ಡೊಳ್ಳು, ಹೊಟ್ಟೆಯ ಮೇಲೆ ಬೆರಳಿನ ಬಡಿತ. ‘ರ’ ಎಂದರೆ ರೊಟ್ಟಿ ಬಡಿಯುವ ಅಂಗೈ, ‘ಬ’ ಎಂದರೆ ಬಳೆ, ಮಣಿಕಟ್ಟನ್ನು ಹಿಡಿಯುವುದು. ‘ಸ’ಕ್ಕೆ ಸೂಜಿ ಪೋಣಿಸುವ ಬೆರಳು. ಕಾಗುಣಿತ ಬಂದಾಗ ನನ್ನ ತಲೆ ಕೆಟ್ಟಿತು. ಆದರೆ ಅದನ್ನು ಬಿಡಿಸಿದವರೂ ಮಕ್ಕಳೇ. ದೀರ್ಘ ಬಂದರೆ ಕೈಯನ್ನು ಪಕ್ಕಕ್ಕೆ ಎಳೆ, ಗುಡಿಸು ಬಂದರೆ ಮೇಲಕ್ಕೆ ಎತ್ತು, ಕೊಂಬು ಬಂದರೆ ಕೆಳಕ್ಕೆ ಇಳಿಸು. ಒತ್ತಕ್ಷರ ಇದ್ದರೆ ಎಡಗೈ ತಂದು ಬಲಗೈಯ ಕೆಳಗೆ ಹಿಡಿ. ಪಾಟಿಯ ಮೇಲೆ ಸತ್ತ ಹಾಗೆ ಬಿದ್ದಿರುತ್ತಿದ್ದ ಕಾಗುಣಿತ ಗಾಳಿಯಲ್ಲಿ ಓಡಾಡತೊಡಗಿತು. ವರ್ಷಗಳ ನಂತರ, ಸನ್ನೆ ಭಾಷೆಯನ್ನು ಸರಿಯಾಗಿ ಬಲ್ಲವರೊಬ್ಬರು ಇದನ್ನು ಕಂಡು ನಕ್ಕು, ಅಸಲಿ ಭಾಷೆ ಹೀಗಿಲ್ಲ, ಅದರ ದಾರಿಯೇ ಬೇರೆ ಎಂದರು. ನಿಜವೇ ಇರಬೇಕು. ನಮಗೆ ಆಗ ಗೊತ್ತಿದ್ದ ದಾರಿ ಇದೊಂದೇ.

ಹುಡುಗಿ ಇವನ್ನೂ ಕಲಿತಳು. ಆದರೆ ಇವೂ ಆಟವೋ, ಮಾತೋ ಎಂಬುದು ನನಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಶಾಲೆಯ ಅಂಗಳಕ್ಕೆ ಅವಳ ಅಪ್ಪನ ಮಂದೆ ನುಗ್ಗಿತು. ನಾನು ಓಡಿ ಹೋಗಿ ಒಂದು ಆಡಿನ ಕಿವಿ ಹಿಡಿದೆ. ಅದನ್ನು ಮುಟ್ಟಿ ತೋರಿಸಿ, ಅಂಗೈಯನ್ನು ಎದೆಯ ಮೇಲಿಟ್ಟು ಪಕ್ಕಕ್ಕೆ ಎಳೆದೆ, ಹೊಟ್ಟೆಯ ಮೇಲೆ ಬೆರಳು ಬಡಿದು ಕೆಳಕ್ಕೆ ಇಳಿಸಿದೆ. ಆ, ಡು. ಮತ್ತೆ ಆಡು ಮುಟ್ಟಿದೆ, ಮತ್ತೆ ಕೈ ಮಾಡಿದೆ. ಹುಡುಗಿ ಆಡನ್ನು ನೋಡಿದಳು, ನನ್ನ ಕೈ ನೋಡಿದಳು. ಅವಳ ಬಾಯಿ ತೆರೆದೇ ಉಳಿಯಿತು.

ಆಮೇಲೆ ನೋಡಬೇಕಿತ್ತು! ಒಂದು ಆಡಿನಿಂದ ಇನ್ನೊಂದಕ್ಕೆ ಓಡಿದಳು, ಪ್ರತಿಯೊಂದರ ಮುಂದೆ ನಿಂತು ‘ಆಡು’ ಎಂದಳು, ಮರಿಗೂ ಎಂದಳು, ಹೋತಕ್ಕೂ ಎಂದಳು. ಗದ್ದಲ ಕೇಳಿ ಹೆಡ್‌ಮಾಸ್ತರರು ಹೊರಗೆ ಬಂದರು. ಅವರಿಗೆ ಗದ್ದದ ತುದಿಯಲ್ಲಿ ಸಣ್ಣದೊಂದು ಗಡ್ಡವಿತ್ತು. ಹುಡುಗಿ ಅವರ ಮುಂದೆ ನಿಂತಳು, ಗಡ್ಡವನ್ನು ಚೆನ್ನಾಗಿ ಪರೀಕ್ಷಿಸಿದಳು, ಗಂಭೀರವಾಗಿ ‘ಆಡು’ ಎಂದಳು.

ಮಕ್ಕಳು ನೆಲಕ್ಕೆ ಬಿದ್ದು ನಕ್ಕರು. “ಏನಂದ್ಲರೀ?” ಎಂದು ಹೆಡ್‌ಮಾಸ್ತರರು ಕೇಳಿದರು. “ನಮಸ್ಕಾರ ಅಂದ್ಲು ಸರ್,” ಎಂದೆ. ಅವರು ಖುಷಿಯಾಗಿ ತಾವೂ ಹಾಗೇ ಕೈ ಮಾಡಿ ಅವಳಿಗೆ ‘ಆಡು’ ಎಂದರು. ಸೆರಗು ಬಾಯಿಗೆ ತುರುಕಿಕೊಂಡು ಕೋಣೆಯೊಳಗೆ ಓಡಿದ ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ. ಹುಡುಗಿಗೆ ಮಾತು ಬಂದಿತ್ತು.

ಅಲ್ಲಿಂದ ನನ್ನ ತರಗತಿ ನನ್ನ ಹಿಡಿತ ತಪ್ಪಿತು. “ಬಾಯಿ ಮುಚ್ರಿ” ಎಂದು ಕೂಗಿದರೆ ಎಲ್ಲರೂ ಬಾಯಿ ಮುಚ್ಚುತ್ತಿದ್ದರು, ಹರಟೆ ಮಾತ್ರ ಕೈಯಲ್ಲಿ ಸಾಗಿರುತ್ತಿತ್ತು. ಆ ಮೂಲೆಯಿಂದ ಈ ಮೂಲೆಗೆ ಬೈಗುಳ ಹಾರುತ್ತಿತ್ತು. “ಕೈ ಕಟ್ರಿ!” ಎಂದರೆ ಮಾತ್ರ ನಿಶ್ಶಬ್ದ. ಬಾಯಿ ಇದ್ದ ಮಕ್ಕಳೂ ಅಕ್ಷರವನ್ನು ಬೇಗ ಬೇಗ ಕಲಿತರು, ಏಕೆಂದರೆ ಕಲಿಯದವರಿಗೆ ಗುಟ್ಟು ತಿಳಿಯುತ್ತಿರಲಿಲ್ಲ. ಹುಡುಗಿಯನ್ನು ಚಾಷ್ಟಿ ಮಾಡುವುದು ಎಲ್ಲಿಂದ ಬಂತು, ಎಲ್ಲರಿಗಿಂತ ಜೋರಾಗಿ ಚಾಷ್ಟಿ ಮಾಡುವವಳು ಅವಳೇ ಆಗಿದ್ದಳು. ಹಲಗೆಯ ಮೇಲಿನ ಅಕ್ಷರವನ್ನೂ ಕೈಗೆ ಹೊಂದಿಸಿ ಓದಲು ಕಲಿತಳು.

ಶಾಲೆಯಿಂದ ಇದು ಓಣಿಗೆ ಹೋಯಿತು. ಬೋರಿಂಗಿನ ಹತ್ತಿರ ನೀರಿಗೆ ನಿಂತ ಮಕ್ಕಳು ಕೈ ಆಡಿಸುತ್ತಿದ್ದರೆ ಹೆಂಗಸರು ಕೊಡ ಕೆಳಗಿಟ್ಟು ನೋಡುತ್ತಿದ್ದರು. ಎಲ್ಲರಿಗೂ ಅದು ತಮಾಷೆ. ಹುಡುಗಿಯ ತಾಯಿಗೆ ಮಾತ್ರ ತಮಾಷೆಯಲ್ಲ. ಕೂಲಿಯಿಂದ ಬಂದವಳು ಸಂಜೆ ನನ್ನ ಬಾಡಿಗೆ ಕೋಣೆಯ ಕಟ್ಟೆಗೆ ಬಂದು ಕೂರುತ್ತಿದ್ದಳು. ಓದು ಬರಹ ಏನೂ ಬಾರದ ಹೆಂಗಸು. ಓಣಿಯ ಮಕ್ಕಳು ಬಾಯಲ್ಲಿ ಅಕ್ಷರ ಹೇಳಿ ಕೈಯಲ್ಲಿ ಮಾಡಿ ತೋರಿಸುತ್ತಿದ್ದರು, ಆಕೆ ಮಾಡುತ್ತಿದ್ದಳು. ತಪ್ಪಿದರೆ ನಾಲಿಗೆ ಕಚ್ಚಿಕೊಂಡು ಮತ್ತೆ ಮಾಡುತ್ತಿದ್ದಳು. “ನಿಮಗ ದಣಿವ ಆಗಂಗಿಲ್ಲೇನವಾ?” ಎಂದೆ ಒಮ್ಮೆ. “ಹೆತ್ತಾಕಿ ನಾನು. ನಾ ಮಾತಾಡ್ಲಿಲ್ಲಂದ್ರ ಆಕಿ ಜೋಡಿ ಯಾರ ಮಾತಾಡ್ಬೇಕ್ರಿ ಅಕ್ಕೋರ?” ಎಂದಳು.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆಕೆ ನನ್ನ ಬಾಗಿಲಿಗೆ ಓಡಿ ಬಂದಳು. ಮಗಳು ರಾತ್ರಿಯಿಂದ ಅಳುತ್ತಿದ್ದಳಂತೆ. ಹೊಟ್ಟೆಯೋ, ತಲೆಯೋ ತಿಳಿಯದೆ ಇಷ್ಟು ವರ್ಷ ಅರಿಶಿನ, ಬೂದಿ ಎಂದು ಕೈಗೆ ಸಿಕ್ಕಿದ್ದನ್ನು ಹಚ್ಚುತ್ತಿದ್ದವರು. ಈ ಸಲ ಮಗಳು ಅಳುತ್ತಲೇ ಬೆರಳಾಡಿಸಿ ‘ಹಲ್ಲು’ ಎಂದಿದ್ದಳು. “ಹಲ್ಲ ಅಂತ್ರಿ ಅಕ್ಕೋರ! ಹಲ್ಲ ನೂಸ್ತೈತಂತ! ನನಗ ಹೇಳಿದ್ಲು!” ಮಗಳಿಗೆ ನೋವು, ತಾಯಿ ನಗುತ್ತಿದ್ದಳು. ನಾನೂ ನಕ್ಕೆ. ಆಮೇಲೆ ನೆನಪಾಗಿ ಲವಂಗ ಹುಡುಕಿ ಕೊಟ್ಟೆ.

ಅಪ್ಪನಿಗೆ ಈ ಯಾವುದರಲ್ಲೂ ಕೈ ಇರಲಿಲ್ಲ. ಬೆಳಗಾಗುತ್ತಲೇ ಮಂದೆ ಹೊಡೆದುಕೊಂಡು ಹೋದರೆ ಕತ್ತಲಾದ ಮೇಲೆ ಬರುವವನು. ದಾರಿಯಲ್ಲಿ ಸಿಕ್ಕಾಗ ಕೇಳುತ್ತಿದ್ದುದು ಒಂದೇ: “ಸಾಹೇಬ್ರು ಯಾವಾಗ ಬರ್ತಾರ್ರಿ ಅಕ್ಕೋರ?” ಆಡು ಈಯುವ ಕಾಲ ಬಂದಿತ್ತು, ಒಬ್ಬನಿಂದ ಆಗುತ್ತಿರಲಿಲ್ಲ.

ಸಾಹೇಬರು ಬಂದದ್ದು ಶಿವರಾತ್ರಿ ಕಳೆದ ಮೇಲೆ. ಕೋಣೆಗೆ ಸುಣ್ಣ ಬಳಿದು, ಮಕ್ಕಳ ತಲೆಗೆ ಎಣ್ಣೆ ಬಳಿದು ಕಾದಿದ್ದೆವು. ಕಿಟಕಿಯ ಹೊರಗೆ ಅರ್ಧ ಊರು ನಿಂತಿತ್ತು. ಕೊರಳಿಗೆ ದಾರ ಕಟ್ಟಿದ ಚಸ್ಮಾ, ಕಂಕುಳಲ್ಲಿ ಛತ್ರಿ, ಬಿಸಿಲಿಗೆ ಕೆಂಪಾದ ಮುಖದ ಇನ್ಸ್‌ಪೆಕ್ಟರ್ ಸಾಹೇಬರು ಖುರ್ಚಿಯಲ್ಲಿ ಕುಳಿತು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿದರು. ಹೆಸರೇನು, ಅಪ್ಪನ ಹೆಸರೇನು, ಮಗ್ಗಿ ಹೇಳು. ಮಕ್ಕಳು ಪಟಪಟನೆ ಹೇಳಿದರು.

ಹುಡುಗಿಯ ಸರದಿ ಬಂತು. ನಾನು ಉತ್ಸಾಹದಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ, ಹೇಳುತ್ತ ಕೈಯನ್ನೂ ಆಡಿಸಿದೆ. ಸಾಹೇಬರ ಹುಬ್ಬು ಗಂಟಾಯಿತು. “ನಿಲ್ರಿ ನಿಲ್ರಿ. ನೀವ ಕೈಲೆ ಹೇಳಿಕೊಟ್ಟು ಆಕಿ ಮಾಡಿದ್ರ ನನಗ ಹೆಂಗ ತಿಳೀಬೇಕು? ನೀವು ಕೈ ಹಿಂದ ಕಟ್ಕೊಂಡು ನಿಲ್ರಿ. ಹುಡುಗ್ರೆಲ್ಲಾ ಕೈ ಕಟ್ರಿ.”

ತರಗತಿ ಕೈ ಕಟ್ಟಿತು. ಸಾಹೇಬರು ಮುಂದಿನ ಸಾಲಿನ ಒಬ್ಬ ಹುಡುಗಿಯನ್ನು ಎಬ್ಬಿಸಿ ತಮ್ಮ ಕಡೆ ಬೆನ್ನು ಮಾಡಿ ನಿಲ್ಲಿಸಿದರು. ನಮ್ಮ ಹುಡುಗಿ ಕೈಯಲ್ಲಿ ಏನು ಮಾಡುತ್ತಾಳೋ ಅದನ್ನು ಆಕೆ ಬಾಯಲ್ಲಿ ಹೇಳಬೇಕು. ಜೇಬಿನಿಂದ ಬೀಗದ ಕೈ ತೆಗೆದು ಎತ್ತಿ ಹಿಡಿದರು. “ಕೀಲಿ,” ಎಂದಿತು ಮುಂದಿನ ಸಾಲಿನ ಬಾಯಿ. ಪೆನ್ನು ತೋರಿಸಿದರು. “ಪೆನ್ನು.” ಸಾಹೇಬರು ಸ್ವಲ್ಪ ಮುಂದಕ್ಕೆ ಬಾಗಿದರು. ಛತ್ರಿ ತೋರಿಸಿದರು. ಛತ್ರಿಯನ್ನು ನಾನು ಕಲಿಸಿರಲಿಲ್ಲ, ಆ ಊರಿನಲ್ಲಿ ಅದು ಯಾರ ಮನೆಯಲ್ಲೂ ಇರಲಿಲ್ಲ. ಹುಡುಗಿ ಅರೆಕ್ಷಣ ಯೋಚಿಸಿ ಕೈ ಆಡಿಸಿದಳು. “ಮಳಿ,” ಎಂದಿತು ಬಾಯಿ.

ಸಾಹೇಬರು ತಲೆದೂಗಿದರು. ನನಗೆ ಕುಣಿಯಬೇಕು ಎನಿಸಿತು. ಗೆದ್ದೆವು ಎಂದುಕೊಂಡೆ.

ಆಗ ಅವರು ಎದ್ದು ಹಲಗೆಯ ಮೇಲೆ ಬರೆದರು: ಅಪ್ಪನ ಹೆಸರು?

ಹುಡುಗಿ ಓದಿದಳು, ನಕ್ಕಳು, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ ಕೈ ಮಾಡಿದಳು. “ಅಪ್ಪ,” ಎಂದಿತು ಬಾಯಿ. ಸಾಹೇಬರು ತಲೆ ಅಲ್ಲಾಡಿಸಿ ‘ಹೆಸರು’ ಎಂಬ ಮಾತಿನ ಕೆಳಗೆ ಗೆರೆ ಎಳೆದರು. ಹುಡುಗಿ ಇನ್ನೂ ದೊಡ್ಡದಾಗಿ ಕೈ ಮಾಡಿದಳು. “ಅಪ್ಪ.” ಇನ್ನೊಂದು ಗೆರೆ. “ಅಪ್ಪ.” ಅವಳ ಮುಖ ಕೆಂಪಾಯಿತು. ಅಪ್ಪನನ್ನು ಅಪ್ಪ ಎನ್ನದೆ ಇನ್ನೇನು ಎನ್ನಬೇಕು?

ತಪ್ಪು ಎಲ್ಲಾಗಿದೆ ಎಂದು ನನಗೆ ಆಗ ಹೊಳೆಯಿತು. ಉಳಿದ ಮಕ್ಕಳಿಗೆ ಅಪ್ಪನ ಹೆಸರನ್ನು ಯಾರೂ ಕಲಿಸಿರುವುದಿಲ್ಲ. ಕಟ್ಟೆಯ ಮೇಲೆ ಯಾರೋ ಕೂಗುತ್ತಾರೆ, ಬೀಗರು ಬಂದು ಕೇಳುತ್ತಾರೆ, ಕಿವಿಗೆ ಬಿದ್ದೇ ಬರುತ್ತದೆ. ಇವಳಿಗೆ ಎಲ್ಲಿಂದ ಬರಬೇಕು? ಮನೆಯಲ್ಲಿ ಕೈ ಆಡಿಸಿ ಮಾತಾಡುವವಳು ತಾಯಿ ಒಬ್ಬಳೇ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹಿಡಿಯುವುದಿಲ್ಲ. ದವಾಖಾನೆಯಲ್ಲಿ ನರ್ಸಮ್ಮ ಕೇಳಿದರೂ ಪಕ್ಕದವಳನ್ನು ತಿವಿದು ಹೇಳಿಸುತ್ತಾರೆ. ಮದುವೆ ಸೀಮಂತಗಳಲ್ಲಿ ಎಲ್ಲರೂ ಸೇರಿ ಕಾಡಿದಾಗ ಮಾತ್ರ ನಾಲ್ಕು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನು ಮುಚ್ಚಿಟ್ಟು, ನಾಚಿಕೊಂಡು ಹೇಳುತ್ತಾರೆ. ಅದಕ್ಕೆ ಒಡಪು ಎನ್ನುತ್ತಾರೆ. ಬಾಕಿ ದಿನ ಗಂಡ ಎಂದರೆ ‘ಅವರು’, ‘ನಮ್ಮ ಮನಿಯವರು’.

“ಬಾಕಿದ್ದು ಬಾಯಿಪಾಠ ಮಾಡಿಸಿದ್ದು ಕಾಣ್ತೈತಿ,” ಎಂದರು ಸಾಹೇಬರು, ಬೇಸರದಿಂದಲೇ. “ತಂದಿ ಹೆಸರ ಗೊತ್ತಿಲ್ದ ಕೂಸಿನ್ನ ಮುಂದಿನ ತರಗತಿಗೆ ಹೆಂಗ ಹಾಕ್ಲೆವಾ?”

ಹಿಂದೆ ಕಟ್ಟಿದ ನನ್ನ ಕೈಗಳನ್ನು ಬಿಚ್ಚುವ ಹಾಗಿರಲಿಲ್ಲ. ಮಕ್ಕಳ ಸ್ಥಿತಿ ಇನ್ನೂ ಕಷ್ಟ. ಎಲ್ಲರಿಗೂ ಉತ್ತರ ಗೊತ್ತು, ಎಲ್ಲರ ಬೆರಳೂ ಕಂಕುಳಲ್ಲಿ ಒದ್ದಾಡುತ್ತಿವೆ. ಹುಡುಗಿ ನನ್ನನ್ನು ನೋಡಿದಳು, ನನಗೆ ಕೈ ಇರಲಿಲ್ಲ. ಗೆಳತಿಯರನ್ನು ನೋಡಿದಳು, ಅವರಿಗೂ ಇರಲಿಲ್ಲ. ಅಳು ತುಟಿಗೆ ಬಂದು ನಿಂತಿತು. ಕಿಟಕಿಯ ಕಡೆ ತಿರುಗಿದಳು.

ಕಿಟಕಿಯಲ್ಲಿ ಅವಳ ಅವ್ವ ನಿಂತಿದ್ದಳು. ಸುತ್ತ ಓಣಿಯ ಹೆಂಗಸರು. ಹತ್ತು ಹೆಜ್ಜೆ ಆಚೆ ಬೇವಿನ ಮರದ ಕೆಳಗೆ ಆಕೆಯ ಗಂಡ, ಕಂಬಳಿ ಹೊದ್ದು, ಮಗಳನ್ನು ಕರೆದೊಯ್ಯಲು ಬಂದವನು, ಈ ಕಡೆಯೇ ನೋಡುತ್ತ ನಿಂತಿದ್ದ. ಆಕೆ ಒಮ್ಮೆ ಆತನನ್ನು ನೋಡಿದಳು, ಒಮ್ಮೆ ಮಗಳನ್ನು ನೋಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ತುಟಿಗಳನ್ನು ಒಂದಿಷ್ಟು ಗಾಳಿಯೂ ಹೋಗದ ಹಾಗೆ ಬಿಗಿದಳು. ಆಮೇಲೆ ಕೈ ಎತ್ತಿದಳು.

ಮೂರು ಅಕ್ಷರದ ಹೆಸರು. ಆಕೆ ಬಾಯಿ ಬಿಟ್ಟು ಹೇಳದ್ದನ್ನು ನಾನೂ ಇಲ್ಲಿ ಹೇಳುವುದಿಲ್ಲ. ಒಂದೊಂದು ಅಕ್ಷರವನ್ನೂ ಅವಸರವಿಲ್ಲದೆ ಮಾಡಿದಳು, ಕೊನೆಯದರಲ್ಲಿ ತಪ್ಪಿ, ತಿದ್ದಿಕೊಂಡಳು. ನಂತರ ಬೇವಿನ ಮರದ ಕಡೆ ಬೆರಳು ಚಾಚಿ ತಲೆ ತಗ್ಗಿಸಿದಳು.

ಹುಡುಗಿ ರೆಪ್ಪೆ ಬಡಿಯದೆ ನೋಡಿದಳು. ತಾನೂ ಆ ಮೂರು ಅಕ್ಷರ ಮಾಡಿದಳು. ಕಿಟಕಿಯಾಚೆ ಅಪ್ಪನನ್ನು ನೋಡಿ ‘ಅಪ್ಪ’ ಎಂದಳು, ಮತ್ತೆ ಆ ಮೂರು ಅಕ್ಷರ, ಮತ್ತೆ ‘ಅಪ್ಪ’. ಎರಡೂ ಒಬ್ಬನೇ! ಮುಂದಿನ ಸಾಲಿನ ಬಾಯಿ ಆ ಹೆಸರನ್ನು ಊರಿಗೆಲ್ಲ ಕೇಳುವ ಹಾಗೆ ಕೂಗಿತು. ಇಡೀ ತರಗತಿ ಕಟ್ಟಿದ ಕೈ ಬಿಚ್ಚಿ ಅದನ್ನೇ ಮಾಡತೊಡಗಿತು.

“ಯಾರು ಹೇಳಿಕೊಟ್ಟಿದ್ದು?” ಸಾಹೇಬರು ಗರ್ರನೆ ತಿರುಗಿದರು.

ಉತ್ತರ ಕೊಟ್ಟವರು ಹೆಡ್‌ಮಾಸ್ತರರು. “ಆಕಿ ತಾಯಿ ಅದಾಳ್ರಿ ಸಾಹೇಬ್ರ. ಸಾಲಿ ಮುಖ ನೋಡಿದಾಕಿ ಅಲ್ಲ. ಗಂಡನ ಹೆಸರ ಹೇಳ್ಯಾಳ್ರಿ.”

ಹೊರಗೆ ಆಗಲೇ ಪಂಚಾಯಿತಿ ಶುರು. “ಅಯ್ಯ, ಗಂಡನ ಹೆಸರ ಹಿಡದ್ಲಲ್ಲವಾ!” ಎಂದಳು ಒಬ್ಬಳು. “ಎಲ್ಲಿ ಹಿಡದಾಳ? ಬಾಯಿ ತಗದಾಳೇನು? ನಾ ನೋಡೇನಿ, ತುಟಿ ಸೈತ ಅಳ್ಳಾಡಿಲ್ಲ,” ಎಂದಳು ಇನ್ನೊಬ್ಬಳು. ಒಬ್ಬ ಮುದುಕಿ ಎಲೆಯಡಿಕೆ ಒಂದು ಕಡೆ ಒತ್ತಿಟ್ಟುಕೊಂಡು ತೀರ್ಮಾನ ಕೊಟ್ಟಳು. “ಕೈ ಒಡಪ ಐತಿ ಬಿಡ್ರೆ ಇದು. ಒಡಪಕ್ಕ ದೋಷ ಇಲ್ಲ.”

ಸಾಹೇಬರು ನಗಲು ಶುರು ಮಾಡಿದರು. ಚಸ್ಮಾ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ನಮ್ಮ ಮನಿಯಾಕಿಗೂ ಇದನ್ನ ಕಲಸ್ಬೇಕು,” ಎಂದರು. ನಗು ನಿಂತ ಮೇಲೆ ಹಲಗೆಯ ಮೇಲಿನ ಪ್ರಶ್ನೆಯನ್ನು ಒರೆಸಿದರು. “ಹೇಳಿಕೊಟ್ಟಿದ್ದು ಹೌದು. ಆದ್ರ ಒಮ್ಮೆ ನೋಡಿ ಕಲ್ತ್ಲಲ್ಲ, ನನ್ನ ಕಣ್ಣ ಮುಂದ. ಸಾಲಿ ಅಂದ್ರ ಮತ್ತೇನ್ರಿ? ಈಕಿನ್ನ ಎರಡನೇ ತರಗತಿಗೆ ಹಾಕ್ರಿ.”

ಮಕ್ಕಳು ಕಿರುಚಿದರು, ನಾನೂ ಕಿರುಚಿದೆ. ಸಾಹೇಬರು ಇದ್ದಾರೆ ಎಂಬ ಪರಿವೆಯೇ ಇರಲಿಲ್ಲ.

ಅಷ್ಟರಲ್ಲಿ ಅಪ್ಪ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಿಗೆ ಬಂದ. ಗದ್ದಲ ತಣ್ಣಗಾಯಿತು. ನಾಲ್ಕು ಜನರ ಮುಂದೆ ತನ್ನ ಹೆಸರು ಹಿಡಿದ ಹೆಂಡತಿಯ ಮೇಲೆ ಸಿಟ್ಟಾಗಿದ್ದಾನೆ ಎಂದೇ ತಿಳಿದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ಸಿದ್ಧಳಾದೆ. ಆತ ನನ್ನನ್ನು ನೋಡಲೇ ಇಲ್ಲ. ಮಗಳನ್ನು ನೋಡುತ್ತಿದ್ದ.

“ಅಕ್ಕೋರ, ಈಕಿ ಹೆಸರ ಕೈಲೆ ಹೆಂಗ ಮಾಡ್ತಾರ್ರಿ?”

ನನಗೆ ತಕ್ಷಣ ತಿಳಿಯಲಿಲ್ಲ. “ಈಗ ಆಕಿ ಮಾಡಿದ ನಿಮ್ಮ ಹೆಸರನ್ನೇನ್ರಿ?” ಎಂದೆ.

“ನಂದಲ್ರಿ. ಈಕಿದು. ಕೇಳಂಗಿಲ್ಲಲ್ಲ ಅಂತ ಈಕಿ ಹೆಸರ ಹಿಡದು ನಾ ಒಮ್ಮೆನೂ ಕರದಿಲ್ರಿ. ಹುಟ್ಟಿದಾಗಿಂದ ಕರದಿಲ್ಲ.”

ನಾನು ತೋರಿಸಲು ಕೈ ಎತ್ತಿ ಅವಳ ಹೆಸರಿನ ಮೊದಲ ಅಕ್ಷರ ಮಾಡಿದೆ. ಹುಡುಗಿಗೆ ಆತ ಏನು ಕೇಳಿದ ಎಂದು ನನ್ನ ಕೈಯಿಂದ ತಿಳಿಯಿತು. ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಅಪ್ಪನ ಕೈ ಹಿಡಿದು ತನ್ನ ಎದೆಯ ಮಟ್ಟಕ್ಕೆ ಎಳೆದಳು. ಆತ ಮಂಡಿಯೂರಿ ಕುಳಿತ. ಆತನ ಬಿರುಕು ಬಿಟ್ಟ ಬೆರಳುಗಳನ್ನು ಅವಳು ಒಂದೊಂದಾಗಿ ಮಡಿಸಿದಳು, ಬಿಡಿಸಿದಳು, ಎತ್ತಿದಳು, ಇಳಿಸಿದಳು. ಆತ ತಾನೇ ಮಾಡಿದ, ತಪ್ಪಿತು. ಅವಳು ತಲೆ ಅಲ್ಲಾಡಿಸಿ, ಥೇಟು ನನ್ನ ಹಾಗೆಯೇ ಹಣೆ ಗಂಟಿಕ್ಕಿ, ಮತ್ತೆ ಮೊದಲಿನಿಂದ ಮಾಡಿಸಿದಳು. ಸಾಹೇಬರು ನಿಂತೇ ಇದ್ದರು, ಯಾರೂ ಕೂರಲಿಲ್ಲ. ಸರಿಯಾದಾಗ ಅವಳು ತನ್ನ ಎದೆ ಮುಟ್ಟಿಕೊಂಡು ನಾನೇ, ನಾನೇ ಎಂದು ತೋರಿಸಿದಳು.

ಆತ ಎದ್ದು ಹೊರಗೆ ಹೋದ. ಬೇವಿನ ಮರ ದಾಟಿ, ಮಂದೆಯ ಹತ್ತಿರ ಹೋಗಿ ತಿರುಗಿ ನಿಂತ. ಕಂಬಳಿ ಸರಿಸಿ, ಕೈ ಮೇಲೆತ್ತಿ, ಅಷ್ಟು ದೂರದಿಂದ ಮಗಳ ಹೆಸರು ಕರೆದ. ಬಾಗಿಲಲ್ಲಿದ್ದ ಹುಡುಗಿ ನೆಗೆದಳು. ಅಂಗಳದ ಅರ್ಧದವರೆಗೆ ಓಡಿದಳು. ಅಲ್ಲಿ ನಿಂತು ಆತನಿಗೆ ಏನೋ ಕೈ ಮಾಡಿದಳು. ಆತನಿಗೆ ಅದು ಬಾರದು, ಹೆಂಡತಿಯ ಮುಖ ನೋಡಿದ.

“ಈಗ ಸಾಲಿ ಐತಿ, ಆಮ್ಯಾಲೆ ಬರ್ತಾಳಂತ್ರಿ,” ಎಂದಳು ಆಕೆ.

ಹುಡುಗಿ ಆಗಲೇ ಒಳಗೆ ಬಂದು ತನ್ನ ಜಾಗದಲ್ಲಿ ಕೈ ಕಟ್ಟಿ ಕುಳಿತಿದ್ದಳು.